ತಲೆಯ ಮೇಲಿನ ಮಗ್ಗ

ಗದ್ದದ ಕೆಳಗೆ ‘ಟಕ್’ ಎಂದು ಸದ್ದಾದಾಗ ಜಂಗ್ಲಿಸಾಬನಿಗೆ ಖುಷಿಯೇ ಆಯಿತು. ಹೆಲ್ಮೆಟ್ಟಿನ ಆ ಪಟ್ಟಿಯನ್ನು ಪ್ರತಿ ಸಲವೂ ಮಧುಮತಿ ಮೇಡಂ ಬಂದು, ಸಾಲೆಗೆ ಹೊರಟ ಹುಡುಗನಿಗೆ ಅಂಗಿಯ ಗುಂಡಿ ಹಾಕಿದ ಹಾಗೆ, ಹಾಕಿಕೊಡಬೇಕಾಗುತ್ತಿತ್ತು. ಇವತ್ತು ತಾನೇ ಹಾಕಿಕೊಂಡೆನಲ್ಲ ಎಂಬ ಹಿಗ್ಗಿನಲ್ಲಿ, ಬಿಚ್ಚುವುದು ಹೇಗೆ ಎಂಬ ಯೋಚನೆ ಅವನ ತಲೆಗೆ ಬರಲೇ ಇಲ್ಲ. ತಲೆ ಆಗಲೇ ಒಳಗೆ ಸಿಕ್ಕಿತ್ತು.

ಎರಡು ಸಾವಿರದ ಎಂಟನೆಯ ಇಸವಿಯ ಮಾತು. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ನಿಜಲಿಂಗಪ್ಪನವರದೊಂದು ಸೀರೆ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ತಗಡಿನ ಛಾವಣಿಯ ಉದ್ದನೆಯ ಪಡಸಾಲೆ, ಒಳಗೆ ಅವರ ಅಪ್ಪನ ಕಾಲದ ಕಟ್ಟಿಗೆಯ ಕೈಮಗ್ಗಗಳು. ನಿಜಲಿಂಗಪ್ಪನವರು ಕೊಯಮತ್ತೂರಿನ ಪ್ರದರ್ಶನವೊಂದಕ್ಕೆ ಹೋಗಿ ಬಂದವರೇ, ಇವೆಲ್ಲವನ್ನೂ ತೆಗೆದು ಕರೆಂಟಿನ ಹೊಸ ಮಗ್ಗ ತರಿಸುತ್ತೇನೆಂದು ಸಾರಿಬಿಟ್ಟರು. ಮಗ್ಗ ಬರುವುದಕ್ಕೆ ಇನ್ನೂ ತಡವಿತ್ತು. ಅದಕ್ಕಿಂತ ಮೊದಲು ಒಂದು ಹೆಲ್ಮೆಟ್ಟು, ಬೆರಳಿಗೆ ತೊಡುವ ಗ್ಲೌಸಿನಂಥ ಒಂದು ಕೈಚೀಲ, ಬೆನ್ನಿಗೆ ಹಾಕಿಕೊಳ್ಳುವ ಒಂದು ಕಂಪ್ಯೂಟರಿನ ಚೀಲ, ಇವನ್ನು ಕಲಿಸಲು ಮೈಸೂರು ಕಡೆಯ ಮಧುಮತಿ, ಇಷ್ಟು ಬಂದವು.

ಹೆಲ್ಮೆಟ್ಟು ಹಾಕಿಕೊಂಡರೆ ಹೊರಗಿನದೇನೂ ಕಾಣುವುದಿಲ್ಲ. ಕಣ್ಣ ಮುಂದೆ ಇನ್ನೂ ಬಾರದ ಹೊಸ ಮಗ್ಗ ಬಂದು ನಿಂತು ಓಡತೊಡಗುತ್ತದೆ. ಎಳೆ ಹರಿದರೆ ಕೈಚೀಲ ಹಾಕಿದ ಬೆರಳುಗಳನ್ನು ಗಾಳಿಯಲ್ಲಿ ಆಡಿಸಬೇಕು, ಒಳಗಿನ ಚಿತ್ರದ ಕೈ ಹಾಗೆಯೇ ಆಡಿ ಗಂಟು ಹಾಕುತ್ತದೆ. ನೂಲು ಹಾಳಾಗುವುದಿಲ್ಲ, ಬೆರಳು ಜಜ್ಜುವುದಿಲ್ಲ. ಇದಕ್ಕೆ ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ ಎಂದು ಮಧುಮತಿ ಹೇಳಿದಾಗ, ನೇಕಾರ ಗೋಣೆಪ್ಪ ಉಳಿದವರಿಗೆ ಬಿಡಿಸಿ ಹೇಳಿದ್ದ: “ಇಲ್ಲದ್ದು ಐತಿ ಅಂತ ಕಾಣಸ್ತೈತಿ, ಇದ್ದದ್ದು ಇಲ್ಲ ಅನಸ್ತೈತಿ. ನಮ್ಮ ಧಣ್ಯಾರ ಮಾತಿದ್ದಂಗ.”

ಜಂಗ್ಲಿಸಾಬ ನೇಕಾರನಲ್ಲ, ಮಗ್ಗ ರಿಪೇರಿಯವನು. ಮೂವತ್ತು ವರ್ಷದಿಂದ ಊರಿನ ಕಟ್ಟಿಗೆ ಮಗ್ಗಗಳೆಲ್ಲ ಅವನ ಉಳಿ, ಸುತ್ತಿಗೆಯ ಕೆಳಗೇ ಹಾದುಹೋಗಿದ್ದವು. ಕಟ್ಟಿಗೆಯ ಮಗ್ಗ ಹೋದರೆ ಅವನ ಕೆಲಸವೂ ಹೋದ ಹಾಗೆಯೇ. “ಶುಕ್ರವಾರ ಸಂಜಿ ನಾಕಕ್ಕ ಪರೀಕ್ಷಾ. ಯಾರ ಕೈ ಚಲೋ ಓಡತೈತೋ ಅವರ ಹೊಸ ಮಗ್ಗಕ್ಕ ಮೇಸ್ತ್ರಿ,” ಎಂದು ನಿಜಲಿಂಗಪ್ಪನವರು ಹೇಳಿದಂದಿನಿಂದ ಅವನಿಗೆ ನಿದ್ದೆ ಇರಲಿಲ್ಲ. ಆದರೆ ಸುತ್ತಿಗೆ ಹಿಡಿದ ಬೆರಳುಗಳು ಎಳೆ ಹಿಡಿಯಲು ಹೋದರೆ ಇರುವೆ ಹಿಡಿಯಲು ಹೊರಟ ಎಮ್ಮೆಯಂತಾಗುತ್ತಿದ್ದವು. ಒಂದು ಎಳೆ ಜೋಡಿಸಲು ಹೋಗಿ ಹತ್ತು ಹರಿಯುತ್ತಿದ್ದ.

ಅದಕ್ಕೇ ಆ ಶುಕ್ರವಾರ ನಮಾಜು ಮುಗಿಸಿದವನು ಊಟಕ್ಕೂ ಹೋಗದೆ, ಬಿಳಿ ಜುಬ್ಬಾ, ಅತ್ತರಿನ ಘಮದ ಸಮೇತ ನೇರವಾಗಿ ಕಾರ್ಖಾನೆಗೆ ಬಂದಿದ್ದ. ಮಧುಮತಿ ನಿಜಲಿಂಗಪ್ಪನವರ ಮನೆಗೆ ಊಟಕ್ಕೆ ಹೋಗಿದ್ದಳು. ಯಾರೂ ಇಲ್ಲದಾಗ ಒಂದಿಷ್ಟು ಕೈ ಪಳಗಿಸಿಕೊಳ್ಳೋಣವೆಂದು ಹೆಲ್ಮೆಟ್ಟು ಏರಿಸಿದ. ಮಗ್ಗ ಓಡಿತು. ಎಳೆಗಳು ಹರಿದವು. ಬೆನ್ನ ಮೇಲಿನ ಚೀಲದ ಸ್ಪೀಕರಿನಿಂದ ಹರೆಯದ ಹುಡುಗಿಯ ಸಕ್ಕರೆಯಂಥ ದನಿ ಬಂತು: “ಎಳೆ ತುಂಡಾಗಿದೆ. ದಯವಿಟ್ಟು ಜೋಡಿಸಿ.” ಸಾಕೆಂದು ಗದ್ದದ ಕೆಳಗೆ ಕೈ ಹಾಕಿದ. ಪಟ್ಟಿ ಬಿಚ್ಚಲಿಲ್ಲ. ಒತ್ತಿದ, ಎಳೆದ, ತಿರುವಿದ. ಕಿವಿ ಕಿತ್ತು ಬಂದಂತಾಯಿತೇ ಹೊರತು ಹೆಲ್ಮೆಟ್ಟು ಕದಲಲಿಲ್ಲ.

“ಯಾರಪಾ ಅದು? ಜಂಗ್ಲಿಸಾಬಣ್ಣ ಏನ?” ಗೋಣೆಪ್ಪನ ದನಿ ಬಂತು.

“ಗೋಣೆಪ್ಪಾ, ಇದು ತಲಿ ಬಿಡವಲ್ದೋ! ಮುರದ ಗಿರದ ಹೋತಂದ್ರ ಧಣ್ಯಾರು ನನ್ನ ತಲೀನ ತಗೀತಾರ.”

ಗೋಣೆಪ್ಪನೂ ಎಳೆದು ನೋಡಿದ. ಮೇಸ್ತ್ರಿಕೆಯ ಮೇಲೆ ಅವನಿಗೂ ಕಣ್ಣಿತ್ತು, ಹಾಗೆಂದು ಗೆಳೆಯನ ಸಂಕಟ ನೋಡಿ ಸುಮ್ಮನಿರುವವನಲ್ಲ. ಇನ್ನೊಬ್ಬರ ಸಂಕಟವೆಂದರೆ ಅವನಿಗೆ ಸ್ವಂತ ಕೆಲಸಕ್ಕಿಂತ ಹೆಚ್ಚು. “ಮನಿಗೆ ಹೋಗೂಣ ನಡಿ. ನಜ್ಮಕ್ಕ ಒಂಚೂರ ಎಣ್ಣಿ ಬಿಟ್ರ ಜರಕ್ ಅಂತ ಬರ್ತೈತಿ. ಮೇಡಂ ಬರೂದ್ರಾಗ ತಿರಗಿ ತಂದಿಟ್ರಾತು.”

“ಹಿಂಗ ಓಣ್ಯಾಗ ಹೋದ್ರ ಮಂದಿ ನೋಡೂದಿಲ್ಲೇನ?”

“ಅದಕ್ಕೂ ಐತಿ ಉಪಾಯ.”

ಗೋಣೆಪ್ಪ ಪಕ್ಕದಲ್ಲಿ ಬಿದ್ದಿದ್ದ ಸೆರಗಿನ ತುಂಡೊಂದನ್ನು ತಂದು ಹೆಲ್ಮೆಟ್ಟಿನ ಮೇಲೆ ಹೊದಿಸಿ ಹಿಂದೆ ಕಟ್ಟಿದ. ಕೆಂಪು ಬಣ್ಣದ, ತುಂಬಾ ಜರಿ ಇದ್ದ ಸೆರಗು. ಅದರ ಗೊಂಡೆಗಳು ಮುಖದ ಮುಂದೆ ಎದೆಯವರೆಗೆ ಇಳಿಬಿದ್ದವು. ಹೇಗೆ ಕಾಣುತ್ತಿದೆ ಎಂಬುದು ಜಂಗ್ಲಿಸಾಬನಿಗೆ ಗೊತ್ತಾಗುವಂತಿರಲಿಲ್ಲ, ಗೋಣೆಪ್ಪನಿಗೆ ಹೊಳೆಯಲಿಲ್ಲ.

ಇಬ್ಬರೂ ಹೊರಟರು. ಗೋಣೆಪ್ಪ ಕೈ ಹಿಡಿದಿದ್ದ, ಜಂಗ್ಲಿಸಾಬ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಕಣ್ಣ ಮುಂದೆ ಹೊಳೆಯುವ ಉಕ್ಕಿನ ಮಗ್ಗ ಓಡುತ್ತಲೇ ಇತ್ತು, ಊರು ಮಾತ್ರ ಕಿವಿ, ಮೂಗಿನಿಂದ ಒಳಗೆ ಬರುತ್ತಿತ್ತು. ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಬಂತು, ಅಂದರೆ ಬಸ್‌ಸ್ಟ್ಯಾಂಡಿನ ಮೂಲೆ. ರೋಣದ ಬಸ್ಸಿನ ಹಾರ್ನು ಕೇಳಿತು. ಬಣ್ಣದ ಹಂಡೆಯ ಒಗರು ವಾಸನೆ ಬಂತು, ಅಂದರೆ ನೇಕಾರರ ಓಣಿ. ಇಲ್ಲಿ ಅವನು ತಾನಾಗಿ ನಿಂತ.

“ಯಾಕಣ್ಣಾ?”

“ಸಪ್ಪಳ ಎಲ್ಲಿ ಹೋತೋ ಗೋಣೆಪ್ಪಾ?”

ಜಂಗ್ಲಿಸಾಬ ಹುಡುಗನಾಗಿದ್ದಾಗ ಈ ಓಣಿಯಲ್ಲಿ ಮಾತಾಡಬೇಕೆಂದರೆ ಕೂಗಬೇಕಾಗುತ್ತಿತ್ತು. ಮನೆಮನೆಯಲ್ಲೂ ಮಗ್ಗದ ಲಾಳಿ ಓಡುವ ಸದ್ದು. ಯಾವ ಮಗ್ಗ ಯಾರದೆಂದು ಸದ್ದಿನಿಂದಲೇ ಹೇಳುತ್ತಿದ್ದ. ಕಣ್ಣಿದ್ದಾಗ ದಿನವೂ ಇದೇ ಓಣಿಯಲ್ಲಿ ಓಡಾಡಿದರೂ ಗಮನಕ್ಕೆ ಬಾರದ್ದು ಈಗ ಕತ್ತಲೆಯಲ್ಲಿ ತಿಳಿಯಿತು. ಎಲ್ಲೋ ದೂರದಲ್ಲಿ ಒಂದೇ ಒಂದು ಮಗ್ಗ ಟಕ್ಕು ಟಕ್ಕೆನ್ನುತ್ತಿತ್ತು, ಮುದುಕಿ ಒಬ್ಬಳೇ ಕೂತು ಅಡಿಕೆ ಕುಟ್ಟಿದ ಹಾಗೆ.

ಅಷ್ಟರಲ್ಲಿ ಅವನ ಬಲಗೈ ಅಕಸ್ಮಾತ್ ಗಾಳಿಯಲ್ಲಿ ಆಡಿ, ಒಳಗೆ ಯಾವುದೋ ಎಳೆ ಹೇಗೋ ಕೂಡಿಕೊಂಡಿತು. ಚೀಲದಿಂದ ಸಂಗೀತದೊಡನೆ ದನಿ ಮೊಳಗಿತು: “ಅಭಿನಂದನೆಗಳು! ಹೊಸ ಜೋಡಣೆ ಯಶಸ್ವಿಯಾಗಿದೆ. ತುಂಬಾ ಚೆನ್ನಾಗಿದೆ!”

ಓಣಿಯ ಬಾಯಲ್ಲಿ ಬಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಕಾಶೀಂಬಿ ತಲೆ ಎತ್ತಿದಳು. ಬಿಳಿ ಜುಬ್ಬಾ ನೋಡಿದಳು. ಅತ್ತರಿನ ಘಮ ಮೂಗಿಗೆ ಬಡಿಯಿತು. ಮುಖದ ಮುಂದೆ ಜರಿಯ ಗೊಂಡೆ, ಕೈ ಹಿಡಿದು ನಡೆಸುವವನೊಬ್ಬ, ಹೂವಿನ ಮೇಲೆ ಇಟ್ಟಂಥ ಹೆಜ್ಜೆ. ಜೊತೆಗೆ ಬೆಂಗಳೂರು ಕಡೆಯ ಮಾತಿನ ಹೆಂಗಸಿನ ದನಿಯಲ್ಲಿ ‘ಹೊಸ ಜೋಡಿ’ಯ ಅಭಿನಂದನೆ.

“ಯಾ ಅಲ್ಲಾ! ಗೋಣೆಪ್ಪಾ, ಯಾರೋ ಈ ನೌಶಾ, ಮದಿಮಗ?”

“ಯಾರಿಗೂ ಹೇಳಬ್ಯಾಡ ಕಾಶೀಂಬಕ್ಕಾ, ನಮ್ಮ ಜಂಗ್ಲಿಸಾಬಣ್ಣ. ಗುಟ್ಟಿನ ಮಾತೈತಿ,” ಎಂದು ಗೋಣೆಪ್ಪ ಅವಸರದಿಂದ ಎಳೆದುಕೊಂಡು ಹೋದ.

ಯಾರಿಗೂ ಹೇಳಬೇಡ ಎಂಬ ಮಾತು ಕಾಶೀಂಬಿಗೆ ಬಾಯೊಳಗೆ ಬಿಸಿ ಅನ್ನವಿದ್ದ ಹಾಗೆ, ತಣ್ಣಗಾಗುವವರೆಗೆ ಒಳಗಿಡಲು ಆಗುತ್ತಿರಲಿಲ್ಲ. ಮಗ ಹೊಸದಾಗಿ ಕೊಡಿಸಿದ ಮೊಬೈಲೂ ಸೊಂಟದಲ್ಲಿತ್ತು.

ಜಂಗ್ಲಿಸಾಬ ಮನೆ ಮುಟ್ಟುವಷ್ಟರಲ್ಲಿ ಅವನ ಮದುವೆಯ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿ, ಒಳಗಿನಿಂದ ಅಗುಳಿ ಹಾಕಿಸಿತ್ತು.

“ನಜ್ಮಾ, ಬಾಗಲಾ ತಗಿ. ಲಗೂ ಎಣ್ಣಿ ತಾ.”

“ಎಣ್ಣಿ ಹಚ್ಚಿ ಅರಿಷಿಣಾನೂ ಹಚ್ಚಲೇನ?” ಕಿಟಕಿಯಿಂದ ನಜ್ಮಾಳ ದನಿ ಕತ್ತರಿಯಂತೆ ಬಂತು. “ಶಬಾನಾನ ಅಬ್ಬಾ, ಗಡ್ಡ ಬೆಳ್ಳಗ ಆಗೇತಿ, ಮೊಮ್ಮಕ್ಕಳಾಗ್ಯಾವ. ನಿಮಗ ಮದಿಮಗನ ಸೆಹರಾ ಕಟಗೊಳ್ಳಾಕ ನಾಚಿಕಿ ಬರಲಿಲ್ಲೇನ್ರಿ?”

“ಯಾವ ಸೆಹರಾ?”

ಗೋಣೆಪ್ಪ ಆಗ ಗೆಳೆಯನನ್ನು ಅಡಿಯಿಂದ ಮುಡಿಯವರೆಗೆ ಮೊದಲ ಸಲ ಸರಿಯಾಗಿ ನೋಡಿದ. “ಅಣ್ಣಾ, ನಾ ಮೇಡಮ್ಮಾರನ್ನ ಕರಕೊಂಡ ಬರ್ತೀನಿ,” ಎಂದವನೇ ಕೈ ಬಿಟ್ಟು ಓಡಿದ.

ಜುಬ್ಬಾದ ಕಿಸೆಯಲ್ಲಿ ಮೊಬೈಲು ಬಡಿದುಕೊಂಡಿತು. ನರಗುಂದದಿಂದ ಮಗಳು ಶಬಾನಾ. ಹೆಲ್ಮೆಟ್ಟಿನ ಮೇಲೇ ಒತ್ತಿ ಹಿಡಿದರೂ ಅವಳ ಅಳು ಸ್ಪಷ್ಟವಾಗಿ ಕೇಳಿತು. “ಅಬ್ಬಾ, ಅತ್ತಿ ಮುಂದ ನಾ ಹ್ಯಾಂಗ ಮಾರಿ ತೋರಿಸ್ಲಿ? ಬೆಂಗಳೂರಾಕಿ ಅಂತ, ಖರೇ ಏನ?”

“ಬೆಂಗಳೂರಾಕಿ ಎಲ್ಲೆದಾಳವಾ? ನಾ ಒಬ್ಬನ ನಿಂತೇನಿ!” ಎಂದು ಅವನು ಕೂಗಿದ. ಕೂಗುವಾಗ ಕೈ ಆಡಿತು. ದನಿ ಉಲಿಯಿತು: “ದಯವಿಟ್ಟು ನಿಧಾನವಾಗಿ ನನ್ನ ಜೊತೆ ಬನ್ನಿ.”

ಆಚೆ ಕಡೆ ಫೋನು ಕಟ್ಟಾಯಿತು. ಈಚೆ ಕಡೆ ಕಿಟಕಿ ಧಡ್ಡೆಂದು ಮುಚ್ಚಿತು.

ಕಾಪಾಡಿದವಳು ಪಕ್ಕದ ಮನೆಯ ಕಳಕವ್ವ. ಎಂಬತ್ತರ ಹತ್ತಿರದ ನೇಕಾರರ ಹೆಂಗಸು, ಓಣಿಗೆಲ್ಲ ಹಿರಿಯಳು. ಕೋಲೂರುತ್ತ ಬಂದು ಸೆರಗಿನ ತುಂಡನ್ನು ಎತ್ತಿ ನೋಡಿದಳು. “ನಜ್ಮಾ, ಬಾಗಲಾ ತಗಿಯೇ. ಒಳಗ ಮದಿಮಗ ಇಲ್ಲ, ಬೋಗುಣಿ ಐತಿ.”

ನಜ್ಮಾ ಹೊರಗೆ ಬಂದಳು, ಅನುಮಾನ ಬಿಟ್ಟು ಬರಲಿಲ್ಲ. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಬಲಗೈಯ ಕರಿ ಕೈಚೀಲ. “ಇದರಾಗ ಏನ ಮುಚ್ಚೀರಿ? ಮೆಹಂದಿ ಹಚ್ಚಿಸ್ಕೊಂಡೀರಿ?” ಎಂದು ಕಿತ್ತು ತೆಗೆದಳು. ಅಂಗೈಯಲ್ಲಿ ಮಗ್ಗದ ಎಣ್ಣೆಯ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಆ ಕಲೆಗಳನ್ನು ಒಂದು ಕ್ಷಣ ನೋಡಿದಳು. ಸಿಟ್ಟು ಅರ್ಧ ಇಳಿಯಿತು.

“ಎಳೆ ತುಂಡಾಗಿದೆ. ದಯವಿಟ್ಟು ಜೋಡಿಸಿ,” ಎಂದಿತು ದನಿ.

“ಏನಂತಾಳ ಈಕಿ?”

“ಆಕಿ ಮನಷ್ಯಾಳಲ್ಲ, ಮಿಶಿನ್. ಎಳಿ ಹರದೈತಿ, ಗಂಟ ಹಾಕು ಅಂತದ. ಸಂಜಿ ನಾಕಕ್ಕ ಪರೀಕ್ಷಾ ಐತಿ. ಇದ ಬರಲಿಲ್ಲಂದ್ರ ಹೊಸ ಕಾರ್ಖಾನ್ಯಾಗ ನಮಗ ಜಾಗಾ ಇಲ್ಲ, ನಜ್ಮಾ.”

ಅವನ ದನಿ ಸೆರಗಿನೊಳಗಿನಿಂದ ಸಣ್ಣದಾಗಿ ಕೇಳಿತು. ನಜ್ಮಾ, “ಒಂದ ಗಂಟ ಹಾಕಾಕ ಬರೂದಿಲ್ಲೇನ ನಿಮಗ?” ಎಂದು ಗೊಣಗುತ್ತ ಕೈಚೀಲದೊಳಗೆ ತಾನೇ ಕೈ ತೂರಿಸಿದಳು. ಬೆನ್ನ ಚೀಲಕ್ಕೆ ಸೇರಿಸಿದ್ದ ಅದರ ವೈರು ಮೊಳದುದ್ದ. ಗಂಡನ ಭುಜಕ್ಕೆ ಭುಜ ಹಚ್ಚಿ ನಿಲ್ಲದೆ ಬೇರೆ ದಾರಿ ಇರಲಿಲ್ಲ. “ಎಲ್ಲೈತಿ ಹೇಳ್ರಿ.”

“ಎಡಕ. ಇನ್ನೂ ಎಡಕ. ಒಂಚೂರ ಕೆಳಗ... ಹಾಂ, ಅಲ್ಲೇ.”

ಹೆಲ್ಮೆಟ್ಟಿನೊಳಗೆ ಚಿತ್ರದ ಕೈ ಕಾಣಿಸಿಕೊಂಡಿತು. ಬಳೆಯಿಲ್ಲದ, ಬಣ್ಣವಿಲ್ಲದ, ಯಾರದೂ ಅಲ್ಲದ ಕೈ. ಅದು ಎಳೆಯ ಎರಡು ತುದಿ ಹಿಡಿಯಿತು, ಹೆಬ್ಬೆರಳ ಮೇಲೆ ಹೊಸೆಯಿತು, ಗಂಟು ಬಿದ್ದೊಡನೆ ನೊಣ ಓಡಿಸಿದ ಹಾಗೆ ಕಿರುಬೆರಳನ್ನು ಹೊರಗೆ ಚಿಮ್ಮಿತು.

ಆ ಕಿರುಬೆರಳು ಜಂಗ್ಲಿಸಾಬನಿಗೆ ಗೊತ್ತಿತ್ತು.

ಅವರಿಬ್ಬರೂ ಚಿಕ್ಕವರಿದ್ದಾಗ ಕಳಕವ್ವನ ಮನೆಯಲ್ಲಿ ನಾಲ್ಕು ಮಗ್ಗಗಳಿದ್ದವು. ನಜ್ಮಾ ಎರಡು ಜಡೆಯ ಹುಡುಗಿ, ಲಾಳಿಗೆ ನೂಲಿನ ಕಂಡಿಕೆ ಸುತ್ತಲು, ಹರಿದ ಎಳೆಗೆ ಗಂಟು ಹಾಕಲು ಬರುತ್ತಿದ್ದಳು. ಜಂಗ್ಲಿಸಾಬ ಅಪ್ಪನ ಹಿಂದೆ ಉಳಿ ಹಿಡಿದು ರಿಪೇರಿಗೆ ಬರುತ್ತಿದ್ದ. ಗಂಟು ಹಾಕಿ ಕಿರುಬೆರಳು ಚಿಮ್ಮುವ ಆ ಹುಡುಗಿಯನ್ನು ನೋಡಿದ ಮೇಲೆ ಕಳಕವ್ವನ ಮನೆಯ ಮೂಲೆಯ ಮಗ್ಗ ವಾರಕ್ಕೊಮ್ಮೆ ಕೆಡತೊಡಗಿತ್ತು. ಮದುವೆಯಾಯಿತು, ಮಕ್ಕಳಾದವು, ಕಳಕವ್ವನ ಮಗ್ಗಗಳು ಒಂದೊಂದಾಗಿ ಅಟ್ಟ ಸೇರಿದವು. ಆ ಬೆರಳು ರೊಟ್ಟಿ ಬಡಿಯುವುದನ್ನು ಅವನು ಇಷ್ಟು ವರ್ಷ ನೋಡಿದ್ದ, ಎಳೆ ಹಿಡಿದದ್ದನ್ನು ನೋಡಿರಲಿಲ್ಲ.

“ಮುಂದ ಹೇಳ್ರಿ, ನಿದ್ದಿ ಹತ್ತಿತೇನ?” ನಜ್ಮಾ ತಿವಿದಳು.

“ಬಲಕ... ಮ್ಯಾಲ,” ಎಂದ.

ಅವನು ಕಣ್ಣಾದ, ಅವಳು ಕೈಯಾದಳು. ಗಾಳಿಯಲ್ಲಿ ಗಂಟು ಬೀಳುತ್ತಾ ಹೋಯಿತು. ಜಂಗ್ಲಿಸಾಬ ತಪ್ಪಿ ಬಲಕ್ಕೆ ಎಡವೆಂದಾಗಲೆಲ್ಲ ನಜ್ಮಾ ಬೈದಳು, “ಎಡಗಡಿ ಯಾವುದು ಅನ್ನೋದೂ ಮರತೀರೇನ? ಲಕ್ಷ್ಯ ಎಲ್ಲೈತಿ?” ಕಟ್ಟೆಯ ಮೇಲೆ ಕೂತ ಕಳಕವ್ವ ಬೊಚ್ಚು ಬಾಯಲ್ಲಿ ನಗುತ್ತಿದ್ದಳು. “ಆ ಮೂಲಿ ಮಗ್ಗಾ ಯಾಕ ಕೆಡತಿತ್ತು ಅನ್ನೂದು ನನಗ ಆವಾಗ ಗೊತ್ತಿತ್ತೋ ಜಂಗ್ಲೀ.” ಚಿತ್ರದ ಸೀರೆ ಅಂಚಿನಿಂದ ಸೆರಗಿನವರೆಗೆ ಒಂದೂ ಹರಿದ ಎಳೆ ಉಳಿಯದಂತೆ ಮುಗಿಯಿತು. “ಅಭಿನಂದನೆಗಳು! ತುಂಬಾ ಚೆನ್ನಾಗಿದೆ!” ಎಂದಿತು ದನಿ. ನಜ್ಮಾ ಹುಡುಗಿಯಂತೆ ನಕ್ಕಳು. ಅವನಿಗೆ ಮುಖ ಕಾಣಲಿಲ್ಲ, ನಗು ಕೇಳಿತು.

“ಯಾರೂ ಗಾಬರಿ ಆಗಬೇಡಿ. ಸ್ವಲ್ಪ ನಿಧಾನವಾಗಿ ಈ ಕಡೆ ಬನ್ನಿ,” ಎಂದಿತು ಅದೇ ಸಕ್ಕರೆ ದನಿ, ಈ ಸಲ ಓಣಿಯ ಕಡೆಯಿಂದ.

ನಜ್ಮಾ ತಿರುಗಿ ನೋಡಿದಳು. ಚೂಡಿದಾರದ ಚೆಲುವಾದ ಹುಡುಗಿಯೊಬ್ಬಳು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಹಿಂದೆ ನಿಜಲಿಂಗಪ್ಪನವರು, ಅವರ ಹಿಂದೆ ಏದುಸಿರು ಬಿಡುವ ಗೋಣೆಪ್ಪ, ಓಣಿಯ ಅರ್ಧ ಮಂದಿ, ಎಲ್ಲರ ಸಂದಿಯಲ್ಲಿ ಕಾಶೀಂಬಿಯ ಕತ್ತು.

“ಮಿಶಿನ್ ಅಂದ್ರಲ್ರೀ!” ನಜ್ಮಾ ಗಂಡನ ಕಡೆ ತಿರುಗಿದಳು. “ಮಿಶಿನ್ನಿಗೆ ಕಾಲ ಅದಾವಲ್ಲ! ಜಡೀನೂ ಐತಿ!”

ಕಂಪ್ಯೂಟರಿನಲ್ಲಿರುವ ದನಿ ತನ್ನದೇ, ತಾನೇ ಓದಿ ರೆಕಾರ್ಡು ಮಾಡಿದ್ದು, ತಾನು ಯಾರ ಹೊಸ ಜೋಡಿಯೂ ಅಲ್ಲ ಎಂದು ತಿಳಿಸುವಷ್ಟರಲ್ಲಿ ಮಧುಮತಿ ಬೆವೆತುಹೋದಳು. ಆಮೇಲೆ ಜಂಗ್ಲಿಸಾಬನ ಗದ್ದದ ಕೆಳಗೆ ಬೆರಳಿಟ್ಟು, ಪಟ್ಟಿಯನ್ನು ಮೇಲಕ್ಕೆ ನೂಕಿದಳು. ಹೆಲ್ಮೆಟ್ಟು ಕಳಚಿ ಬಂತು. ಎಲ್ಲರೂ ಕೆಳಕ್ಕೆ ಎಳೆದಿದ್ದರು, ಅದು ಮೇಲಕ್ಕೆ ಬಿಚ್ಚುವಂಥದ್ದು. ಬೆಳಕಿಗೆ ಕಣ್ಣು ಕಿರಿದು ಮಾಡಿ ಜಂಗ್ಲಿಸಾಬ ಮೊದಲು ನೋಡಿದ್ದು ಹೆಂಡತಿಯ ಮುಖವನ್ನು. ಅಲ್ಲಿ ಎರಡು ಜಡೆಯ ಹುಡುಗಿ ಇರಲಿಲ್ಲ, ಕೈಚೀಲ ಕಳಚುತ್ತಿದ್ದ ಅಜ್ಜಿ ಇದ್ದಳು. ಕಿರುಬೆರಳು ಮಾತ್ರ ಅದೇ.

ಬೈಯಲೆಂದೇ ಬಂದ ನಿಜಲಿಂಗಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಮಧುಮತಿ ಕಂಪ್ಯೂಟರು ಬಿಡಿಸಿ ಉದ್ಗರಿಸಿದಳು. “ಸರ್, ಇಲ್ಲಿ ನೋಡಿ! ನೂರಕ್ಕೆ ತೊಂಬತ್ತೆಂಟು! ಇಷ್ಟು ಅಂಕ ನನಗೇ ಬಂದಿಲ್ಲ.”

ನಿಜಲಿಂಗಪ್ಪನವರ ಸಿಟ್ಟು ಸಕ್ಕರೆಯಾಯಿತು. “ಭಲೇ ಜಂಗ್ಲಿಸಾಬ! ಮನಿಗೆ ಒಯ್ದು ಕಲ್ತೀರಿ! ನೀವ ಮೇಸ್ತ್ರಿ, ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡ.”

ಜಂಗ್ಲಿಸಾಬ ಬಾಯಿ ತೆರೆದ. ‘ಹೂಂ’ ಎನ್ನಬೇಕೋ ‘ಅಲ್ಲ’ ಎನ್ನಬೇಕೋ ನಾಲಿಗೆಗೆ ತಿಳಿಯಲಿಲ್ಲ. ಅದು ತೀರ್ಮಾನಕ್ಕೆ ಬರುವ ಮೊದಲೇ ಕಟ್ಟೆಯಿಂದ ಕಳಕವ್ವ ಹೇಳಿಬಿಟ್ಟಳು. “ಅವನ ಕೈ ಎಲ್ಲೈತೋ ನಿಜಲಿಂಗಾ? ನೇಯ್ದಾಕಿ ನಜ್ಮಾ. ಅಂವ ಬರೇ ಎಡಕ ಬಲಕ ಅಂದಾನ, ಅದೂ ತಪ್ಪ.”

ಅಲ್ಲಿಗೆ ತೀರ್ಮಾನ ಬೇರೆಯವರ ಕೈಗೆ ಹೋಯಿತು. ಹೊಸ ಮಗ್ಗಕ್ಕೆ ನಜ್ಮಾಳೇ ಮೇಸ್ತ್ರಿ ಎಂದರು ನಿಜಲಿಂಗಪ್ಪನವರು. “ನಾ ಒಲ್ಲೇರೀ, ಮನಿ ಯಾರ ನೋಡ್ತಾರ?” ಎಂದಳು ನಜ್ಮಾ. ಹೇಳುವಾಗ ಅವಳ ಕಣ್ಣು ಕೈಚೀಲದ ಮೇಲೇ ಇದ್ದದ್ದನ್ನು ಜಂಗ್ಲಿಸಾಬ ಕಂಡ.

“ಹೋಗ ನಜ್ಮಾ,” ಎಂದ ಮೆಲ್ಲಗೆ. “ಬೆರಳ ಇನ್ನೂ ಹಂಗ ಅದಾವ.”

ಆಮೇಲೆ ಧಣಿಗಳ ಕಡೆ ತಿರುಗಿದ. “ನಂದೇನ್ರಿ?”

“ನೀವೂ ಕಲೀರಿ. ಕಲಿಯೋವರಿಗೆ ಹೆಲ್ಮೆಟ್ ಹಾಕ್ಕೊಂಡ ಕುಂದರ್ರಿ. ಬ್ಯಾಡ ಅಂದವರ್ಯಾರು?”

ಮೇಸ್ತ್ರಿಕೆ ಮನೆಯಿಂದ ಹೊರಗೆ ಹೋಗಲಿಲ್ಲವಲ್ಲ ಎಂದು ಜಂಗ್ಲಿಸಾಬ ಸಮಾಧಾನ ಮಾಡಿಕೊಂಡ. ಇನ್ನೊಂದು ಗುಟ್ಟಿನ ಸಮಾಧಾನವೂ ಇತ್ತು. ಮನೆಯಲ್ಲಿ ಯಾರು ಏನೇ ಅನ್ನಲಿ, ಹೆಲ್ಮೆಟ್ಟಿನೊಳಗೆ ತಪ್ಪು ಮಾಡಿದರೂ ‘ದಯವಿಟ್ಟು’ ಎಂದೇ ಮಾತಾಡಿಸುವ ಸಕ್ಕರೆ ದನಿಯೊಂದಿದೆ. ದಿನಾ ಒಂದಿಷ್ಟು ಹೊತ್ತು ಅದರ ನೆರಳಲ್ಲಿ ಕೂತರಾಯಿತು.

ನಾಲ್ಕು ಗಂಟೆಗೆ, ಪರೀಕ್ಷೆಯ ಬದಲು ಪಾಠಕ್ಕೆಂದು, ಎಲ್ಲರೂ ಕಾರ್ಖಾನೆಯಲ್ಲಿ ಸೇರಿದರು. ನಜ್ಮಾ ಮಧುಮತಿಯ ಜೊತೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಏನೋ ಮಾತಾಡಿ ಬಂದಳು. ಮಧುಮತಿ ನಗುನಗುತ್ತ ಹೆಲ್ಮೆಟ್ಟು ತಂದು ಜಂಗ್ಲಿಸಾಬನಿಗೆ ಹಾಕಿದಳು. ಮಗ್ಗ ಬಂದು ನಿಂತಿತು. ಎಳೆ ಹರಿಯಿತು. ಅವನು ಸಕ್ಕರೆಗಾಗಿ ಕಿವಿ ತೆರೆದು ಕಾದ.

“ಎಳಿ ಹರದೈತಿ ನೋಡ್ರಿ. ಕಟ್ರಿ ಲಗೂ.”

ಜಂಗ್ಲಿಸಾಬ ಬೆಚ್ಚಿಬಿದ್ದ. ಕತ್ತಲೆಯಲ್ಲಿ ಮುಖವಿಲ್ಲದೆ ಬಂದ ನಜ್ಮಾಳ ದನಿ. ದನಿಗೆ ವಯಸ್ಸಾಗಿರಲಿಲ್ಲ. ಕಳಕವ್ವನ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತ ಮಾತಾಡಿದಂತೆಯೇ ಇತ್ತು. ಅವನ ಎದೆ ಒಂದು ಗಳಿಗೆ ತುಂಬಿ ಬಂತು. ಆ ಗಳಿಗೆಯಲ್ಲಿ ಇನ್ನೆರಡು ಎಳೆ ಹರಿದವು.

“ಲಕ್ಷ್ಯ ಎಲ್ಲೈತಿ? ಎಡಗಡಿ ಯಾವುದು ಅನ್ನೋದೂ ಮರತೀರೇನ? ಎಷ್ಟ ಸಲ ಹೇಳೂದು ನಿಮಗ?”

“ಹೂಂ ಹೂಂ, ಕಟ್ಟತೇನಿ ತಡಿ,” ಎಂದ ಜಂಗ್ಲಿಸಾಬ ಅಭ್ಯಾಸಬಲದಿಂದ. ಇಡೀ ಪಡಸಾಲೆ ಘೊಳ್ಳೆಂದು ನಕ್ಕಿತು.

“ನನ್ನ ಕನ್ನಡ ಯಾರಿಗೂ ತಿಳಿಯುತ್ತಿಲ್ಲ ಅಂತ ಎಲ್ಲರೂ ದೂರುತ್ತಿದ್ದರಲ್ಲ,” ಮಧುಮತಿ ನಿಜಲಿಂಗಪ್ಪನವರಿಗೆ ವಿವರಿಸುತ್ತಿದ್ದಳು. “ಅದಕ್ಕೇ ನಜ್ಮಾ ಅವರ ದನಿ ರೆಕಾರ್ಡು ಮಾಡಿ ಹಾಕಿದೆ ಸರ್. ನೋಡಿ, ಎಷ್ಟು ಚುರುಕಾಗಿ ಕೆಲಸ ಮಾಡ್ತಿದ್ದಾರೆ!”

ಜಂಗ್ಲಿಸಾಬ ಹೆಲ್ಮೆಟ್ಟಿನೊಳಗಿನಿಂದಲೇ, ಹೊರಗಿನ ನಜ್ಮಾಳಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ. “ಮೇಡಂ, ಈ ದನಿ ಒಂಚೂರ ಸಣ್ಣ ಮಾಡಾಕ ಬರತೈತೇನ್ರಿ?”

ಉತ್ತರ ಎರಡೂ ಕಡೆಯಿಂದ, ಹೆಲ್ಮೆಟ್ಟಿನ ಹೊರಗಿನಿಂದ ಒಂದು, ಒಳಗಿನಿಂದ ಒಂದು, ಒಟ್ಟಿಗೇ ಬಂತು.

“ಮಾತ ಕಡಿಮಿ ಮಾಡ್ರಿ, ಕೈ ಆಡಿಸ್ರಿ!”